‘ನಾನು’, ‘ಅವಳು’ ಮುಂತಾದ ಕರ್ತೃಪದ ಬಿಡಲು ಕ್ರಿಯಾಪದದ ಪ್ರತ್ಯಯವೇ ಕಾರಣವೇ?

ಅದೊಂದೇ ಕಾರಣವಲ್ಲ. ಕನ್ನಡ, ಮಲಯಾಳ ಎರಡನ್ನೂ ಆಡುವ ಕಾಸರಗೋಡಿನ ಕನ್ನಡಿಗರು ಇದನ್ನು ತಮ್ಮ ಬಾಯಲ್ಲೇ ಪರೀಕ್ಷಿಸಬಹುದು. ‘ನಿನ್ನೆ ಬಂದೆವು’, ‘ನಿನ್ನೆ ಬಂದಳು’ ಎಂದಾಗ ಯಾರೆಂದು ಪ್ರತ್ಯಯವೇ ಹೇಳುತ್ತದೆ. ಕರ್ತೃವಿನ ಜಾಗ ಖಾಲಿಯಲ್ಲ, ಅಲ್ಲಿ ಉಚ್ಚರಿಸದ ಸರ್ವನಾಮವೊಂದಿದೆ, ಪ್ರತ್ಯಯ ಅದನ್ನು ಗುರುತಿಸಿಕೊಡುತ್ತದೆ ಎಂಬುದು 1980ರ ದಶಕದಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಬೆಳೆಸಿದ ವಿವರಣೆ. ಸೊಗಸಾದ ವಿವರಣೆಯೇ. ಆದರೆ ಮಲಯಾಳದಲ್ಲಿ ‘ಞಾನ್ ವನ್ನು’ (ನಾನು ಬಂದೆ), ‘ಅವಳ್ ವನ್ನು’ (ಅವಳು ಬಂದಳು): ಕ್ರಿಯಾಪದ ಬದಲಾಗುವುದೇ ಇಲ್ಲ. ಆದರೂ ಬರೀ ‘ಇನ್ನಲೆ (ನಿನ್ನೆ) ವನ್ನು’ ಎಂದರೆ ಸಾಕು. ಯಾರೆಂಬುದು ಹಿಂದಿನ ಮಾತಿನಿಂದ ಸಿಗುತ್ತದೆ. ಚೀನೀ ಭಾಷೆಯೂ ಹೀಗೆಯೇ.

ಕನ್ನಡದೊಳಗೂ ತೊಡಕಿದೆ, ಇದನ್ನು ಹಲವರು ಗಮನಿಸುವುದಿಲ್ಲ. ‘ನನಗೆ ಹಸಿವಾಯಿತು’, ‘ಅವಳಿಗೆ ಹಸಿವಾಯಿತು’: ಕ್ರಿಯಾಪದ ಹೊಂದುವುದು ‘ಹಸಿವು’ ಪದಕ್ಕೆ, ಹಸಿವು ಯಾರಿಗೆ ಎಂದು ಪ್ರತ್ಯಯ ಹೇಳುವುದಿಲ್ಲ. ಆದರೂ ‘ನನಗೆ’, ‘ಅವಳಿಗೆ’ ಎರಡನ್ನೂ ಬಿಡಬಹುದು.