ಗ್ಲಾಕೋಮಾ ಡ್ರಾಪ್ಸ್ ಹಾಕಿದ್ರೆ ಕಣ್ಣಿನ ಪಾಪೆ ಟಾರ್ಚ್ ಬೆಳಕಿಗೆ ಸರಿಯಾಗಿ ಚಿಕ್ಕದಾಗಲ್ವಾ?

ನಿಮ್ಮ ತಂದೆಯವ್ರು ಗ್ಲಾಕೋಮಾಗೆ, ಅಂದ್ರೆ ಕಣ್ಣಿನ ನರ ಸೋಲೋ ಕಾಯಿಲೆಗೆ, ಎರಡೂ ಕಣ್ಣಿಗೆ ಟಿಮೋಲಾಲ್, ರಾತ್ರಿ ಲಟಾನೊಪ್ರೋಸ್ಟ್ ಹಾಕ್ಕೊಳ್ತಾರೆ, ಮೊಬೈಲ್ ಟಾರ್ಚ್ ಬಿಟ್ರೆ ಬಲಗಣ್ಣಿನ ಪಾಪೆ ಎಡಗಣ್ಣಿನಷ್ಟು ಚುರುಕಾಗಿ ಚಿಕ್ಕದಾಗಲ್ಲ, ಡ್ರಾಪ್ಸ್ ನಿಲ್ಲಿಸ್ಲಾ ಅಂತ ಕೇಳಿದೀರ. ದಯವಿಟ್ಟು ನಿಲ್ಲಿಸ್ಬೇಡಿ. ನಾನು ಆಪ್ಟೋಮೆಟ್ರಿಸ್ಟ್, ಪಾಪೆ ನೋಡೋದು ನನ್ನ ದಿನದ ಕೆಲಸ, ಆ ಎರಡು ಔಷಧಿಯಿಂದ ಪಾಪೆ ಮೇಲೆ ಹೇಳ್ಕೊಳ್ಳೋಂಥ ಪರಿಣಾಮ ಆಗಲ್ಲ. ಲಟಾನೊಪ್ರೋಸ್ಟ್‌ನಿಂದ ರೆಪ್ಪೆ ಕೂದಲು ಉದ್ದ ಬೆಳೆಯುತ್ತೆ, ಪಾಪೆ ಸುತ್ತಲಿನ ಬಣ್ಣ ಗಾಢ ಆಗ್ಬಹುದು. ಡಾರ್ಜೋಲಮೈಡ್ ಅನ್ನೋ ಇನ್ನೊಂದು ಗ್ಲಾಕೋಮಾ ಡ್ರಾಪ್ಸ್ ಕೂಡ ಪಾಪೆ ತಂಟೆಗೆ ಹೋಗಲ್ಲ.

ಪಾಪೆನ ನಿಜವಾಗ್ಲೂ ಹಿಡಿದಿಡೋದು ಪೈಲೋಕಾರ್ಪಿನ್. 1870ರ ದಶಕದಿಂದ ಇರೋ ಹಳೇ ಔಷಧಿ, ಈಗ ದಿನಾ ಹಾಕೋಕೆ ಬರೆಯೋದು ಕಮ್ಮಿ, ಆದ್ರೆ ಗ್ಲಾಕೋಮಾದ ಕೆಲವು ಲೇಸರ್ ಚಿಕಿತ್ಸೆಗೆ ಮುಂಚೆ ಇವತ್ತಿಗೂ ಹಾಕ್ತೀವಿ. ಪಾಪೆನ ಕುಗ್ಗಿಸೋ ಸ್ನಾಯು ಇದೆಯಲ್ಲ, ಅದನ್ನ ಈ ಔಷಧಿನೇ ಬಿಗಿಯಾಗಿ ಹಿಡ್ಕೊಂಡ್ಬಿಡುತ್ತೆ, ಪಾಪೆ ಸಾಸಿವೆ ಕಾಳಿನಷ್ಟಾಗುತ್ತೆ, ಆಗ ಟಾರ್ಚ್ ಬಿಟ್ರೂ ಇನ್ನೂ ಕುಗ್ಗೋಕೆ ಜಾಗನೇ ಇರಲ್ಲ, ಕತ್ತಲಲ್ಲೂ ಅಗಲ ಆಗಲ್ಲ. ಹಾಗಾಗಿ ಸಂಜೆ ಮೇಲೆ ಎಲ್ಲಾ ಮಬ್ಬು, ಹುಬ್ಬಿನ ಹತ್ರ ನೋವು ಅಂತಾರೆ. ಬ್ರಿಮೋನಿಡಿನ್ ಅನ್ನೋ ಗ್ಲಾಕೋಮಾ ಡ್ರಾಪ್ಸ್ ಬೇರೆ ಥರ, ಕತ್ತಲಲ್ಲಿ ಪಾಪೆ ಪೂರ್ತಿ ಅಗಲ ಆಗೋಕೆ ಬಿಡಲ್ಲ, ಆದ್ರೆ ಬೆಳಕಿಗೆ ಸ್ಪಂದನೆ ಇದ್ದೇ ಇರುತ್ತೆ.

ಅದಕ್ಕೇ ಪೈಲೋಕಾರ್ಪಿನ್ ಹಾಕೋರು ಮನೇಲಿದ್ರೆ ಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆಗೆ ಹೋದಾಗ ಯಾವ ಕಣ್ಣಿಗೆ ಯಾವ ಡ್ರಾಪ್ಸ್ ಅಂತ ಮೊದ್ಲೇ ಹೇಳಿ, ಒಂದೇ ಕಣ್ಣಿನ ಪಾಪೆ ಅಷ್ಟು ಚಿಕ್ಕದಿದ್ರೆ ಡಾಕ್ಟರ್‌ಗೆ ಮೆದುಳಿನ ತೊಂದ್ರೆ ಇರ್ಬಹುದಾ ಅನ್ನೋ ಅನುಮಾನ ಬಂದೇ ಬರುತ್ತೆ.

ಈಗ ನಿಮ್ಮ ತಂದೆಯವ್ರ ವಿಷಯ. ಬಲಗಣ್ಣಿಗೆ ಪೊರೆ ಆಪರೇಷನ್ ಆಗಿದ್ರೂ ಪಾಪೆ ಸ್ವಲ್ಪ ಮಂದ ಇರ್ಬಹುದು. ಆದ್ರೆ ನನಗೆ ಚಿಂತೆ ಇರೋದು ನರದ ಬಗ್ಗೆ. ಗ್ಲಾಕೋಮಾ ಒಂದು ಕಣ್ಣಿನ ನರನ ಇನ್ನೊಂದಕ್ಕಿಂತ ಜಾಸ್ತಿ ತಿಂದಿದ್ರೆ ಆ ಕಣ್ಣಿಂದ ಬೆಳಕಿನ ಸುದ್ದಿ ಮೆದುಳಿಗೆ ಕಮ್ಮಿ ಹೋಗುತ್ತೆ. ನಾವು ರೂಮ್ ಲೈಟ್ ಮಂದ ಮಾಡಿ, ದೂರ ನೋಡಿ ಅಂತ ಹೇಳಿ, ಟಾರ್ಚ್‌ನ ಒಂದು ಕಣ್ಣಿಂದ ಇನ್ನೊಂದಕ್ಕೆ ಆಚೆ ಈಚೆ ಒಯ್ತೀವಿ, ಒಂದೊಂದ್ರ ಮೇಲೂ ಎರಡು ಮೂರು ಸೆಕೆಂಡ್. ಚೆನ್ನಾಗಿರೋ ಕಣ್ಣಿನ ಮೇಲೆ ಬೆಳಕಿದ್ದಾಗ ಎರಡೂ ಪಾಪೆ ಕುಗ್ಗಿರುತ್ತೆ, ನರ ಸೋತಿರೋ ಕಣ್ಣಿಗೆ ಟಾರ್ಚ್ ಬಂದ ತಕ್ಷಣ ಬೆಳಕು ಬಿದ್ದಿದ್ರೂ ಪಾಪೆ ಅಗಲ ಆಗ್ತಾ ಹೋಗುತ್ತೆ. ಇದನ್ನ ಪಾಪೆ ಹಿಗ್ಗಿಸೋ ಡ್ರಾಪ್ಸ್ ಹಾಕೋಕೆ ಮುಂಚೆನೇ ನೋಡ್ಬೇಕು, ಅಷ್ಟೊತ್ತಿಗೆ ಟ್ರಾಪಿಕಮೈಡ್ ಬಿದ್ದೋಗಿದ್ರೆ ಏನೂ ಗೊತ್ತಾಗಲ್ಲ. ಮುಂದಿನ ಚೆಕಪ್‌ವರೆಗೂ ಕಾಯೋ ಬದ್ಲು ಈ ವಾರನೇ ಕರ್ಕೊಂಡ್ಹೋಗಿ, ನೀವು ಗಮನಿಸಿದ್ದನ್ನ ಹೇಳಿ, ಸುತ್ತಲಿನ ನೋಟ ಎಷ್ಟಿದೆ ಅಂತ ನೋಡೋ ಫೀಲ್ಡ್ ಟೆಸ್ಟ್ ಮತ್ತೆ ಮಾಡ್ಬೇಕಾ ಅಂತ ಕೇಳಿ. ಮನೇಲಿ ಮೊಬೈಲ್ ಟಾರ್ಚ್ ಪದೇ ಪದೇ ಬಿಡೋದು ಬೇಡ.

ಅಕಸ್ಮಾತ್ ಕಣ್ಣು ಕೆಂಪಾಗಿ, ವಿಪರೀತ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣ್ಸಿ, ಪಾಪೆ ಅರ್ಧ ಅಗಲ ಆಗಿ ಹಾಗೇ ನಿಂತ್ಬಿಟ್ರೆ ಕಣ್ಣಿನ ಪ್ರೆಶರ್ ದಿಢೀರ್ ಏರಿರ್ಬಹುದು, ಬೆಳಗಾಗ್ಲಿ ಅಂತ ಕಾಯ್ಬೇಡಿ, ರಾತ್ರೋರಾತ್ರಿ ಎಮರ್ಜೆನ್ಸಿಗೆ ಹೋಗಿ.