ದೂರದ ದೇಶದ ಬಡತನಕ್ಕೆ ನಮ್ಮ ಸಹಿ ಏನು ಮಾಡೀತು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಜಗತ್ತಿನ ಕಡುಬಡತನ ನೀಗಿಸುವಂತೆ ಸರಕಾರಗಳನ್ನು ಒತ್ತಾಯಿಸುವ ಮನವಿಗಳಿಗೆ ಸಹಿ ಹಾಕು ಎಂದು ಗೆಳತಿಯರು ಆಗಾಗ ಕೇಳುತ್ತಾರೆ. ಬಡತನ ಇಳಿದದ್ದು ಆರ್ಥಿಕ ಬೆಳವಣಿಗೆಯಿಂದ, ಸಹಿಗಳಿಂದಲ್ಲ ಎನ್ನುತ್ತಾರೆ ನಮ್ಮ ಅಧ್ಯಾಪಕರು. ಯಾರ ಮಾತು ಸರಿ?

ಉತ್ತರ: ನಿಮ್ಮ ಅಧ್ಯಾಪಕರ ಮಾತಿನಲ್ಲಿ ಬಹುಪಾಲು ಸತ್ಯವಿದೆ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ಕಡುಬಡತನದ ರೇಖೆಯನ್ನು ದಿನಕ್ಕೆ ತಲಾ 3 ಡಾಲರ್ ಎಂದು ಪರಿಷ್ಕರಿಸಿತು. ಇದನ್ನು ಬ್ಯಾಂಕಿನ ವಿನಿಮಯ ದರದಲ್ಲಿ ಲೆಕ್ಕ ಹಾಕಬಾರದು. ಕೊಳ್ಳುವ ಶಕ್ತಿಗೆ ಹೊಂದಿಸಿ ನೋಡಿದರೆ ಅದು ನಮ್ಮಲ್ಲಿ 2021ರ ಬೆಲೆಯಲ್ಲಿ ಸುಮಾರು 60 ರೂಪಾಯಿ, ಅಂದರೆ ಊಟ, ಬಟ್ಟೆ, ಸೂರು, ಔಷಧ ಎಲ್ಲವೂ ಸೇರಿ ಒಬ್ಬರ ಒಂದು ದಿನದ ಖರ್ಚು. ಈ ಅಳತೆಯ ಪ್ರಕಾರ 1990ರಲ್ಲಿ ಜಗತ್ತಿನ ಪ್ರತಿ 100 ಜನರಲ್ಲಿ ಸುಮಾರು 43 ಮಂದಿ ರೇಖೆಯ ಕೆಳಗಿದ್ದರು. ಈಗ ಇರುವವರು ಸುಮಾರು 10 ಮಂದಿ. ಈ ಇಳಿಕೆಯ ಅತಿ ದೊಡ್ಡ ಪಾಲು ಚೀನಾದ್ದು, ಬಳಿಕ ಭಾರತ, ಇಂಡೊನೇಷ್ಯಾ, ವಿಯೆಟ್ನಾಂಗಳದ್ದು. ಅಲ್ಲೆಲ್ಲ ಮುಖ್ಯ ಕೆಲಸ ಮಾಡಿದ್ದು ಬೆಳವಣಿಗೆಯೇ.

ಆದರೆ ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಬಡವರ ಪ್ರಮಾಣ ಇಳಿದದ್ದು ಬಹಳ ನಿಧಾನವಾಗಿ. ಜನಸಂಖ್ಯೆ ಏರಿದ್ದರಿಂದ ಅವರ ಒಟ್ಟು ಸಂಖ್ಯೆ ಹೆಚ್ಚೇ ಆಯಿತು. ಬೆಳವಣಿಗೆಗೇ ಅಡ್ಡಿಯಾಗಿ ನಿಂತಿದ್ದ ಕೆಲವು ಸಂಗತಿಗಳನ್ನು ಯಾರಾದರೂ ಒಂದು ಕಡೆ ಕುಳಿತು ತೀರ್ಮಾನಿಸಿ ಸರಿಸಬೇಕಾಗಿತ್ತು. ಅಂಥದ್ದರಲ್ಲಿ ಒಂದು, ಸಾಲ. ಹಕ್ಕೊತ್ತಾಯದ ಶಕ್ತಿ ಮತ್ತು ಮಿತಿ ಎರಡೂ ಒಟ್ಟಿಗೆ ಕಾಣುವ ಜಾಂಬಿಯಾದ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜಾಂಬಿಯಾದ ಆದಾಯ ನಿಂತಿದ್ದದ್ದು ತಾಮ್ರದ ಮೇಲೆ. 1970ರ ದಶಕದ ಮಧ್ಯದಲ್ಲಿ ತಾಮ್ರದ ಬೆಲೆ ಕುಸಿದಾಗ ದೇಶ ಸಾಲ ಮಾಡಿತು. ಬಡ್ಡಿಗೆ ಬಡ್ಡಿ ಸೇರಿ, 1990ರ ದಶಕದ ಹೊತ್ತಿಗೆ ಮರುಪಾವತಿಯ ಹೊರೆ ಆಸ್ಪತ್ರೆ, ಶಾಲೆಗಳ ಹಣವನ್ನು ನುಂಗುತ್ತಿತ್ತು. ಸಾಲ ಕೊಟ್ಟ ಸಂಸ್ಥೆಗಳು ಒತ್ತಾಯಿಸಿದ ಸುಧಾರಣೆಗಳ ಕಾಲದಲ್ಲೇ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಶುಲ್ಕ ಬಂತು. ಜ್ವರದ ಮಗುವನ್ನು ಎತ್ತಿಕೊಂಡು ನಡೆದು ಬಂದ ತಾಯಿ ಮೊದಲು ಹಣ ಕಟ್ಟಬೇಕಿತ್ತು.

ಇಂಥ ದೇಶಗಳ ಸಾಲ ಮನ್ನಾ ಮಾಡಿ ಎಂದು ಬ್ರಿಟನ್ನಿನಲ್ಲಿ ಹುಟ್ಟಿಕೊಂಡ ಚಳವಳಿಯೇ ಜುಬಿಲಿ 2000. ನಿವೃತ್ತ ಅಧ್ಯಾಪಕ ಮಾರ್ಟಿನ್ ಡೆಂಟ್ ಮತ್ತು ನಿವೃತ್ತ ರಾಜತಾಂತ್ರಿಕ ಬಿಲ್ ಪೀಟರ್ಸ್ ಇದರ ಮೂಲಪುರುಷರು. ಐವತ್ತು ವರ್ಷಕ್ಕೊಮ್ಮೆ ಜೀತದವರನ್ನು ಬಿಡುಗಡೆ ಮಾಡಿ, ಕಳೆದುಕೊಂಡ ಜಮೀನನ್ನು ಹಿಂದಿರುಗಿಸಬೇಕು ಎಂಬ ಬೈಬಲ್ಲಿನ ಹಳೆಯ ಕಟ್ಟಳೆಯಿಂದ ಹೆಸರು ಬಂತು. 1998ರ ಮೇ 16ರಂದು ಎಂಟು ಬಲಾಢ್ಯ ರಾಷ್ಟ್ರಗಳ ನಾಯಕರ ಸಭೆ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆಯುತ್ತಿದ್ದಾಗ ಸುಮಾರು 70,000 ಜನ ಕೈಕೈ ಹಿಡಿದು ನಗರದ ಮಧ್ಯಭಾಗವನ್ನು ಸುತ್ತುವರಿದರು. ನಾಯಕರು ಅಂದು ನಗರದ ಹೊರಗಿನ ಬಂಗಲೆಯೊಂದಕ್ಕೆ ಹೋಗಿದ್ದರು. ಆದರೂ ಮರುವರ್ಷ, 1999ರ ಜೂನ್‌ನಲ್ಲಿ, ಜರ್ಮನಿಯ ಕಲೋನ್ ಸಭೆಯಲ್ಲಿ ಅದೇ ಎಂಟು ರಾಷ್ಟ್ರಗಳು ಸಾಲ ಪರಿಹಾರದ ಯೋಜನೆಯನ್ನು ಹಿಗ್ಗಿಸಲು ಒಪ್ಪಿದವು. ಜಗತ್ತಿನಾದ್ಯಂತ ಸಂಗ್ರಹವಾದ ಸಹಿಗಳು ಕೊನೆಗೆ ಸುಮಾರು 2 ಕೋಟಿ 40 ಲಕ್ಷ ಮುಟ್ಟಿದವು.

ಆ ಯೋಜನೆಯ ಷರತ್ತುಗಳನ್ನು ಪೂರೈಸಿ ಜಾಂಬಿಯಾ ಸಾಲ ಪರಿಹಾರ ಪಡೆದದ್ದು 2005ರ ಏಪ್ರಿಲ್‌ನಲ್ಲಿ, ಅಂದರೆ ಮಾನವ ಸರಪಳಿಯಾಗಿ ಏಳು ವರ್ಷಗಳ ಮೇಲೆ. ಅದೇ ವರ್ಷದ ಜುಲೈನಲ್ಲಿ ಸ್ಕಾಟ್ಲೆಂಡಿನ ಗ್ಲೆನೀಗಲ್ಸ್ ಸಭೆಯಲ್ಲಿ ವಿಶ್ವಬ್ಯಾಂಕ್ ಮತ್ತಿತರ ಸಂಸ್ಥೆಗಳ ಸಾಲವನ್ನೂ ಬಿಡುವುದೆಂದಾಯಿತು. ಸುಮಾರು 700 ಕೋಟಿ ಡಾಲರ್ ಇದ್ದ ಜಾಂಬಿಯಾ ಸರಕಾರದ ವಿದೇಶಿ ಸಾಲ 100 ಕೋಟಿಗಿಂತ ಕೆಳಗಿಳಿಯಿತು. 2006ರ ಏಪ್ರಿಲ್ 1ರಿಂದ ಗ್ರಾಮೀಣ ಜಿಲ್ಲೆಗಳ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಶುಲ್ಕ ರದ್ದಾಯಿತು. ಆ ಕೇಂದ್ರಗಳ ಹೊರರೋಗಿ ದಾಖಲೆಗಳಲ್ಲಿ ಬಂದವರ ಸಂಖ್ಯೆ ಏರಿತು. ಇದು ಬಡತನ ರೇಖೆಯ ಅಂಕಿಯಲ್ಲಿ ನೇರವಾಗಿ ಕಾಣುವುದಿಲ್ಲ. ಆದರೆ ಚೀಟಿ ಮಾಡಿಸಲು ದುಡ್ಡಿಲ್ಲದೆ ಹಿಂದಿರುಗುತ್ತಿದ್ದ ತಾಯಿಗೆ ಅಂಕಿಗಿಂತ ಅದು ದೊಡ್ಡದು, ನನ್ನ ಮಟ್ಟಿಗೂ ಹಾಗೆಯೇ.

ಆ ಸಹಿಗಳಿಗೆ ಬೆಲೆ ಬಂದದ್ದು ಬೇಡಿಕೆ ಒಂದೇ ಆಗಿದ್ದರಿಂದ ಎಂಬುದು ನನ್ನ ಅಭಿಪ್ರಾಯ. ಇಂಥ ಸಾಲವನ್ನು ಇಂಥ ಗಡುವಿನೊಳಗೆ ಬಿಡಿ ಎಂದು, ಬಿಡುವ ಅಧಿಕಾರವಿದ್ದವರನ್ನೇ ಕೇಳಲಾಗಿತ್ತು; ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಅವರು ಹೇಳಲೇಬೇಕಿತ್ತು. 'ಬಡತನ ತೊಲಗಲಿ' ಎಂಬ ಮನವಿಗೆ ಎಲ್ಲ ಸರಕಾರಗಳೂ ಸಂತೋಷದಿಂದ ತಲೆಯಾಡಿಸುತ್ತವೆ, ಅಲ್ಲಿಗೆ ಮುಗಿಯುತ್ತದೆ. ಗೆಳತಿಯರು ಕಳುಹಿಸುವ ಮನವಿಯಲ್ಲಿ ಯಾರು, ಏನನ್ನು, ಯಾವಾಗ ಮಾಡಬೇಕು ಎಂಬುದು ಇದೆಯೇ ಎಂದು ನೋಡಿ. ಇದ್ದರೆ ಸಹಿ ಹಾಕಿ.

ಬಂದ ಹಣ ಜನರಿಗೆ ಮುಟ್ಟಿತೇ ಎಂದು ಲೆಕ್ಕ ಕೇಳುವುದೂ ಹಕ್ಕೊತ್ತಾಯವೇ. ಉಗಾಂಡದಲ್ಲಿ 1991ರಿಂದ 1995ರವರೆಗೆ ಪ್ರಾಥಮಿಕ ಶಾಲೆಗಳಿಗೆಂದು ಸರಕಾರ ಬಿಡುಗಡೆ ಮಾಡಿದ ಅನುದಾನದಲ್ಲಿ ಸರಾಸರಿ ಶೇ 13ರಷ್ಟು ಮಾತ್ರ ಶಾಲೆಗಳನ್ನು ತಲುಪಿತ್ತೆಂದು 250 ಶಾಲೆಗಳ ಸಮೀಕ್ಷೆ ತೋರಿಸಿತು. ಆ ಬಳಿಕ ಯಾವ ಜಿಲ್ಲೆಗೆ ಎಷ್ಟು ಹಣ ಹೋಯಿತೆಂದು ಪತ್ರಿಕೆಗಳಲ್ಲಿ ಅಚ್ಚಾಗತೊಡಗಿತು, ಶಾಲೆಗೆ ಬಂದ ಮೊತ್ತವನ್ನು ಶಾಲೆಯ ಗೋಡೆಗೇ ಅಂಟಿಸತೊಡಗಿದರು. 2001ರ ಹೊತ್ತಿಗೆ ಶೇ 80ಕ್ಕೂ ಹೆಚ್ಚು ಹಣ ತಲುಪುತ್ತಿತ್ತು. ಇದಕ್ಕೆ ಬೇರೆ ಆಡಳಿತ ಸುಧಾರಣೆಗಳೂ ಕಾರಣ ಎಂದು ವಾದಿಸಿದವರಿದ್ದಾರೆ. ಆ ವಾದದಲ್ಲಿ ಹುರುಳಿದೆ. ಆದರೂ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಕೊನೆಯಿಂದ ಹಳ್ಳಿಗಳ ಜನಸುನವಾಯಿಗಳಲ್ಲಿ, ಅಂದರೆ ಬಹಿರಂಗ ವಿಚಾರಣೆಗಳಲ್ಲಿ, ಕೂಲಿಯ ಹಾಜರಿಪಟ್ಟಿಯನ್ನು ಗಟ್ಟಿಯಾಗಿ ಓದಿಸಿದ್ದನ್ನು ಬಲ್ಲವರಿಗೆ, ಗೋಡೆಯ ಆ ಹಾಳೆಯ ಬಲ ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ಲೆಸ್ಟರ್‌ನಲ್ಲಿ ನೆಲೆಸಿರುವ ಕನ್ನಡಿಗ ನಾನು, ಪಾಸ್‌ಪೋರ್ಟ್ ಭಾರತದ್ದು. ಬಡ ದೇಶಗಳಿಗೆ ಕೊಡುವ ನೆರವನ್ನು ಬ್ರಿಟನ್ ಕಡಿತಗೊಳಿಸುತ್ತಿರುವುದು ನೋವು ತಂದಿದೆ. ಇಲ್ಲಿನ ಸಂಸದರಿಗೆ ಬರೆಯುವ ಹಕ್ಕು ನನಗಿದೆಯೇ? ಬರೆದರೆ ಏನು ಕೇಳಬೇಕು?

ಉತ್ತರ: ಬರೆಯುವ ಹಕ್ಕು ಕ್ಷೇತ್ರದ ಪ್ರತಿಯೊಬ್ಬ ನಿವಾಸಿಗೂ ಇದೆ. ಅಷ್ಟೇ ಅಲ್ಲ, ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ವಾಸಿಸುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು, ಭಾರತೀಯರೂ ಅದರಲ್ಲಿ ಸೇರಿದ್ದಾರೆ. ಹೆಸರು ಮತದಾರರ ಪಟ್ಟಿಯಲ್ಲಿ ಇಲ್ಲದಿದ್ದರೆ ಮೊದಲು ಸೇರಿಸಿಕೊಳ್ಳಿ.

ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ನೆರವಿಗೆ ಕೊಡುವುದನ್ನು ಬ್ರಿಟನ್ 2015ರಲ್ಲಿ ಕಾನೂನನ್ನಾಗಿಯೇ ಮಾಡಿತ್ತು. 2021ರಲ್ಲಿ ಅದು ಶೇ 0.5ಕ್ಕೆ ಇಳಿಯಿತು, 2027ಕ್ಕೆ ಶೇ 0.3ಕ್ಕೆ ಇಳಿಸುವುದಾಗಿ 2025ರ ಫೆಬ್ರುವರಿಯಲ್ಲಿ ಸರಕಾರ ಘೋಷಿಸಿತು. ಇದನ್ನು ವಿರೋಧಿಸಿ ಖಂಡಿತ ಬರೆಯಿರಿ. ಆದರೆ ಬ್ರಿಟನ್ನಿಗೆ ಹೆಚ್ಚು ಖರ್ಚಿಲ್ಲದ, ಅಲ್ಲಿನ ಸಂಸತ್ತಿನ ಕೈಯಲ್ಲೇ ಇರುವ ಇನ್ನೊಂದು ಬೇಡಿಕೆ ಇದೆ.

ಮೇಲಿನ ಉತ್ತರದ ಜಾಂಬಿಯಾಕ್ಕೇ ಮರಳೋಣ. 1979ರಲ್ಲಿ ಕೃಷಿ ಯಂತ್ರಗಳನ್ನು ಕೊಳ್ಳಲು ಅದು ರುಮೇನಿಯಾದಿಂದ ಸುಮಾರು 1.5 ಕೋಟಿ ಡಾಲರ್ ಸಾಲ ಪಡೆದಿತ್ತು. ತೀರದ ಆ ಸಾಲಪತ್ರವನ್ನು 1999ರಲ್ಲಿ ಡೊನಿಗಾಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿ 40 ಲಕ್ಷ ಡಾಲರ್‌ಗೂ ಕಡಿಮೆಗೆ ಕೊಂಡು, ಲಂಡನ್ನಿನ ನ್ಯಾಯಾಲಯದಲ್ಲಿ ಸುಮಾರು 5.5 ಕೋಟಿ ಕೊಡಿಸಿ ಎಂದು ದಾವೆ ಹೂಡಿತು; 2007ರಲ್ಲಿ ಅದಕ್ಕೆ ಸುಮಾರು 1.55 ಕೋಟಿ ಡಾಲರ್ ಸಿಕ್ಕಿತು. ಸಾಲ ಮನ್ನಾದಿಂದ ಉಳಿದ ಹಣ ಹೀಗೆ ಹರಿದುಹೋಗುವುದನ್ನು ಕಂಡು ಸಿಟ್ಟಾದ ಜನ ಸಂಸದರ ಬೆನ್ನುಬಿದ್ದರು. ಖಾಸಗಿ ಸದಸ್ಯರ ಮಸೂದೆಯಾಗಿ ಬಂದದ್ದು 2010ರಲ್ಲಿ ಕಾಯಿದೆಯಾಯಿತು. ಅಂಥ ಹಳೆಯ ಸಾಲಗಳಿಗೆ, ಸಾಲ ಪರಿಹಾರದ ಯೋಜನೆಯಂತೆ ಇಳಿಸಿದ ಮೊತ್ತಕ್ಕಿಂತ ಹೆಚ್ಚನ್ನು ಬ್ರಿಟನ್ನಿನ ನ್ಯಾಯಾಲಯಗಳಲ್ಲಿ ವಸೂಲು ಮಾಡುವಂತಿಲ್ಲ.

ಆ ಕಾಯಿದೆ ಹೊಸ ಸಾಲಗಳಿಗೆ ಅನ್ವಯಿಸುವುದಿಲ್ಲ. ಜಾಂಬಿಯಾ 2012ರಿಂದ 2015ರ ನಡುವೆ ಖಾಸಗಿ ಹೂಡಿಕೆದಾರರಿಗೆ 300 ಕೋಟಿ ಡಾಲರ್ ಮೌಲ್ಯದ ಬಾಂಡ್‌ಗಳನ್ನು, ಅಂದರೆ ಬಡ್ಡಿ ಕೊಡುವ ಸಾಲಪತ್ರಗಳನ್ನು, ಮಾರಿತು. 2020ರ ನವೆಂಬರ್‌ನಲ್ಲಿ 4.25 ಕೋಟಿ ಡಾಲರ್ ಬಡ್ಡಿ ಕಟ್ಟಲಾಗದೆ ಸುಸ್ತಿದಾರನಾಯಿತು. ಬಡ ದೇಶಗಳ ಇಂಥ ಬಾಂಡ್‌ಗಳು ಬಹುತೇಕ ಇಂಗ್ಲೆಂಡಿನ ಅಥವಾ ನ್ಯೂಯಾರ್ಕಿನ ಕಾನೂನಿಗೆ ಒಳಪಡುತ್ತವೆ. ಸರಕಾರಗಳು ಸಾಲ ಬಿಟ್ಟಾಗ ಖಾಸಗಿಯವರೂ ಅದೇ ಪ್ರಮಾಣದಲ್ಲಿ ಬಿಡಬೇಕು ಎಂದು 2010ರ ಕಾಯಿದೆಯನ್ನು ವಿಸ್ತರಿಸಿ ಎಂದು ಕೇಳಿ. ಸಾಲ ಕೊಡುವವರು ಹಿಂಜರಿದಾರು, ಬಡ್ಡಿ ಏರೀತು ಎಂಬ ಆಕ್ಷೇಪ ಬರುತ್ತದೆ. ಅದು ತಳ್ಳಿಹಾಕುವಂಥದ್ದಲ್ಲ, ಪತ್ರದಲ್ಲೇ ಅದಕ್ಕೆ ಉತ್ತರ ಕೊಡಿ.

ಪತ್ರ ಒಂದು ಪುಟ ಮೀರದಿರಲಿ, ನಿಮ್ಮದೇ ಮಾತಿನಲ್ಲಿರಲಿ. ಸಂಸದರು ತಮ್ಮ ಕ್ಷೇತ್ರದವರಿಗೆ ಮಾತ್ರ ಉತ್ತರಿಸುವ ರೂಢಿಯಿರುವುದರಿಂದ ವಿಳಾಸ, ಪೋಸ್ಟ್‌ಕೋಡ್ ತಪ್ಪದೆ ಬರೆಯಿರಿ. ಮೊದಲು ಬರುವುದು ಬಹುಶಃ ಅಚ್ಚು ಹಾಕಿದಂಥ ಉತ್ತರ. ಆಗ ನಿಮ್ಮ ಪತ್ರವನ್ನು ಹಣಕಾಸು ಸಚಿವಾಲಯಕ್ಕೆ ಕಳುಹಿಸಿ ಸಚಿವರ ಉತ್ತರ ತರಿಸಿಕೊಡಿ ಎಂದು ಮತ್ತೆ ಬರೆಯಿರಿ, ಅಥವಾ ಅವರು ಕ್ಷೇತ್ರದ ಜನರನ್ನು ಭೇಟಿಯಾಗುವ ದಿನ ಇಬ್ಬರು ಮೂವರು ಗೆಳೆಯರೊಡನೆ ಹೋಗಿ ಎದುರಿಗೇ ಕೇಳಿ.