ಹ್ಯಾಲೋವೀನ್ ಅಂದ್ರೆ ದೆವ್ವದ ಪೂಜೆನಾ?

ಪ್ರಶ್ನೆ: ಮದುವೆಯಾಗಿ ನ್ಯೂಜೆರ್ಸಿಗೆ ಬಂದು ಎಂಟು ತಿಂಗಳಾಯ್ತು. ನಮ್ಮ ಬೀದೀಲಿ ಎಲ್ಲರ ಮನೆ ಮುಂದೆನೂ ಅಸ್ಥಿಪಂಜರ, ಜೇಡರ ಬಲೆ, ಗೋರಿಕಲ್ಲು! ಪಕ್ಕದ ಮನೆಯವ್ರು ಅಕ್ಟೋಬರ್ 31ಕ್ಕೆ ಪಾರ್ಟಿಗೆ ಕರೆದಿದಾರೆ, ವೇಷ ಹಾಕ್ಕೊಂಡೇ ಬರ್ಬೇಕಂತೆ. ಊರಿಗೆ ಫೋನ್ ಮಾಡಿದ್ರೆ ಅತ್ತೆ "ದೆವ್ವದ ಪೂಜೆಗೆಲ್ಲ ಹೋಗ್ಬೇಡಮ್ಮ" ಅಂದ್ರು. ಹೋಗ್ಲಾ ಬೇಡ್ವಾ?

ಉತ್ತರ: ಹೋಗಿ ತಾಯಿ, ಧಾರಾಳವಾಗಿ ಹೋಗಿ. ಅಲ್ಲಿ ಯಾರೂ ದೆವ್ವಕ್ಕೆ ಮಂಗಳಾರತಿ ಎತ್ತಲ್ಲ. ಅತ್ತೆಯವ್ರಿಗೆ ಮಹಾಲಯ ಅಮಾವಾಸ್ಯೆ ನೆನಪು ಮಾಡಿ, ಹಿರಿಯರು ಬರ್ತಾರೆ ಅಂತ ನಾವು ಎಡೆ ಇಡಲ್ವಾ, ಹೆಚ್ಚುಕಮ್ಮಿ ಅದೇ ಥರದ ನಂಬಿಕೆ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ ಕೆಲ್ಟಿಕ್ ಜನರಲ್ಲೂ ಇತ್ತು. ಸುಗ್ಗಿ ಮುಗ್ಸಿ ದನಕರುನ ಬೇಸಿಗೆ ಹುಲ್ಲುಗಾವಲಿಂದ ಕೆಳಗಿಳಿಸ್ಕೊಂಡು ಬಂದು ಚಳಿಗಾಲಕ್ಕೆ ಕಾಲಿಡೋ ಹೊತ್ತಿನ ಹಬ್ಬ ಅದು, ಹೆಸರು ಸೌವಿನ್, ಆ ರಾತ್ರಿ ಆಚೆ ಲೋಕದ ಬಾಗಿಲು ತೆರ್ಕೊಳ್ಳುತ್ತೆ ಅಂತ ಬೆಂಕಿ ಹಾಕಿ ಎಚ್ಚರ ಇರೋರು. ಆಮೇಲೆ ಚರ್ಚ್ ಬಂತು, 9ನೇ ಶತಮಾನದ ಹೊತ್ತಿಗೆ ನವೆಂಬರ್ 1 ಎಲ್ಲಾ ಸಂತರ ದಿನ ಆಯ್ತು, ಅದರ ಹಿಂದಿನ ಸಂಜೆಗೆ ಹ್ಯಾಲೋವೀನ್ ಅನ್ನೋ ಹೆಸರು ಬಂತು. ಹ್ಯಾಲೋ ಅಂದ್ರೆ ಹಳೇ ಇಂಗ್ಲಿಷಲ್ಲಿ ಸಂತ ಅಂತ! ದೆವ್ವ ಹೆಸರಲ್ಲೇ ಇಲ್ಲ ನೋಡಿ.

ನನ್ ಪ್ರಕಾರ ಇದು ಮೊದಲಿಂದನೂ ನೆರೆಹೊರೆಯವ್ರು ಒಟ್ಟಿಗೆ ಕೂರೋ ಹಬ್ಬನೇ. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 1785ರಲ್ಲಿ ಹ್ಯಾಲೋವೀನ್ ಅಂತಲೇ ಒಂದು ಉದ್ದದ ಪದ್ಯ ಬರೆದಿದಾನೆ, ಅದ್ರಲ್ಲಿ ಹಳ್ಳಿ ಹುಡುಗ್ರು ಹುಡುಗೀರು ಒಲೆ ಸುತ್ತ ಸೇರ್ಕೊಂಡು ಎರಡೆರಡು ಕಾಯಿಬೀಜಕ್ಕೆ ಒಂದು ಹುಡುಗ ಒಂದು ಹುಡುಗಿ ಹೆಸರಿಟ್ಟು ಬೆಂಕಿಗೆ ಹಾಕ್ತಾರೆ, ಎರಡೂ ಪಕ್ಕಪಕ್ಕ ಸದ್ದಿಲ್ಲದೆ ಉರಿದ್ರೆ ಜೋಡಿ ಗಟ್ಟಿ, ಒಂದು ಚಟ್ ಅಂತ ಸಿಡಿದು ಹಾರಿದ್ರೆ ಸಂಬಂಧ ಅಷ್ಟಕ್ಕೇ. ಐರ್ಲೆಂಡಲ್ಲಿ ಬಾರ್ಮ್‌ಬ್ರ್ಯಾಕ್ ಅನ್ನೋ ಒಣದ್ರಾಕ್ಷಿ ಬ್ರೆಡ್ಡೊಳಗೆ ಉಂಗುರ ಇಟ್ಟು ಬೇಯಿಸ್ತಾರೆ, ಅದು ಯಾರ ತುಂಡಲ್ಲಿ ಸಿಗುತ್ತೋ ಅವ್ರಿಗೆ ವರ್ಷದೊಳಗೆ ಮದುವೆ. ನಿಮಗಂತೂ ಆಗೋಗಿದೆ, ಹುಷಾರಾಗಿ ಅಗೀರಿ, ಹಲ್ಲು ಜೋಪಾನ!

ವೇಷದ ಚಿಂತೆ ಬಿಡಿ. ಬಿಳಿ ಸೀರೆ ಉಟ್ಟು ಕೂದ್ಲು ಬಿಚ್ಕೊಂಡು ಹೋದ್ರೆ ಮುಗೀತು, ನಮ್ಮ ಮೋಹಿನಿಗೆ ಯಾವ ಕಾಸ್ಟ್ಯೂಮ್ ಅಂಗಡಿನೂ ಬೇಡ. ಬೇರೆ ಜನಾಂಗದವ್ರ ಉಡುಗೆನ ತಮಾಷೆಗೆ ಹಾಕ್ಕೊಳ್ಳೋದು ಮಾತ್ರ ಬೇಡ, ಅದು ನೋವಾಗುತ್ತೆ.

ಪ್ರಶ್ನೆ: ಹ್ಯಾಲೋವೀನ್ ರಾತ್ರಿ ಮಕ್ಕಳು ವೇಷ ಹಾಕ್ಕೊಂಡು ಮನೆಮನೆಗೂ ಕ್ಯಾಂಡಿ ಕೇಳ್ಕೊಂಡು ಬರ್ತಾರಂತಲ್ಲ, ಅವ್ರು ಬಾಗಿಲಿಗೆ ಬಂದ್ರೆ ಮನೇಲಿ ಮಾಡಿದ ತಿಂಡಿ ಕೊಡ್ಬಹುದಾ?

ಉತ್ತರ: ಬೇಡ್ವೇ ಬೇಡ, ಸ್ವಂತ ಅನುಭವ. ನಾನು ಅಮೆರಿಕದಲ್ಲಿದ್ದ ಮೊದಲ್ನೇ ವರ್ಷ ಕೊಬ್ಬರಿ ಮಿಠಾಯಿ ಮಾಡಿ, ಬಟರ್ ಪೇಪರಲ್ಲಿ ಸುತ್ತಿ, ಜಂಬದಿಂದ ಹಂಚಿದ್ದೆ. ಒಂದು ಮಗುವಿನ ಅಮ್ಮ ನಗ್ತಾನೇ ಅದನ್ನ ಬುಟ್ಟಿಯಿಂದ ತೆಗೆದು ಜೇಬಿಗೆ ಹಾಕ್ಕೊಂಡ್ರು, ಅಂಗಡಿಯ ಸೀಲ್ ಪ್ಯಾಕ್ ಆದ್ರೆ ಮಾತ್ರ ಮಕ್ಕಳಿಗೆ ಕೊಡೋದು ಅಂತ ಆಮೇಲೆ ಗೊತ್ತಾಯ್ತು. ಕಡಲೇಬೀಜ, ನಟ್ಸ್ ಅಲರ್ಜಿ ಇರೋ ಮಕ್ಕಳೂ ಇರ್ತಾರೆ, ಅವ್ರಿಗೆ ಪೆನ್ಸಿಲ್, ಸ್ಟಿಕರ್ ಇಡಿ. ಬಾಗಿಲಲ್ಲಿ ನೀಲಿಹಸಿರು ಬಣ್ಣ ಬಳಿದ ಕುಂಬಳಕಾಯಿ ಇಟ್ಟಿದ್ರೆ ಈ ಮನೇಲಿ ತಿನ್ನೋದಲ್ಲದ್ದೂ ಸಿಗುತ್ತೆ ಅಂತ ಅರ್ಥ. ಪೋರ್ಚ್ ಲೈಟ್ ಹಾಕಿದ್ರೆ ಬನ್ನಿ ಅಂತ. ಕ್ಯಾಂಡಿ ಖಾಲಿಯಾಯ್ತಾ, ಲೈಟ್ ಆರಿಸಿ, ನಾವು ಬಾಗಿಲ ಮೇಲೆ "ನಾಳೆ ಬಾ" ಬರೀತಿದ್ವಲ್ಲ, ಹಾಗೆ.

ಪ್ರಶ್ನೆ: ಮುಖದ ಥರ ಕೊರೆದು ಒಳಗೆ ದೀಪ ಇಡೋಕೆ ಅಷ್ಟು ಕುಂಬಳಕಾಯಿ ಯಾಕೆ ಕೊರೀತಾರೆ? ಆಮೇಲೆ ಅದರಲ್ಲಿ ಹುಳಿ ಮಾಡ್ಬಹುದಾ?

ಉತ್ತರ: ಐರಿಷ್ ಜನ ಮೊದಲು ಕೊರೀತಿದ್ದಿದ್ದು ಟರ್ನಿಪ್ ಗಡ್ಡೆನ. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಂದು ಭೀಕರ ಬರಗಾಲ ಆಗಿ ಲಕ್ಷಗಟ್ಟಲೆ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದ್ರಲ್ಲ, ಅವ್ರ ಜೊತೆ ಹಬ್ಬನೂ ಹೋಯ್ತು, ಅಲ್ಲಿ ದೊಡ್ಡದಾದ, ಕೊರೆಯೋಕೆ ಸುಲಭವಾದ ಕುಂಬಳಕಾಯಿ ಸಿಕ್ತು. ನಮ್ಮ ಸಿಹಿಗುಂಬಳದ ಮೂಲನೂ ಅಮೆರಿಕ ಖಂಡನೇ, ಗೊತ್ತಿರ್ಲಿ. ನೀವು ಕೊರೆಯೋದಾದ್ರೆ ಮುಚ್ಚಳನ ಓರೆಯಾಗಿ ಕತ್ತರಿಸಿ, ನೇರ ಕತ್ತರಿಸಿದ್ರೆ ಒಳಗೆ ಬಿದ್ದೋಗುತ್ತೆ. ಒಂದೆರಡು ದಿನ ಮುಂಚೆ ಕೊರೆದ್ರೆ ಸಾಕು, ಬೇಗ ಬೂಷ್ಟು ಹಿಡಿಯುತ್ತೆ. ಬೀಜ ಎಸೀಬೇಡಿ, ನಾರೆಲ್ಲ ಬಿಡಿಸಿ ತೊಳ್ದು, ಒಣಗಿಸಿ, ಉಪ್ಪು ಖಾರದಪುಡಿ ಹಾಕಿ ಹುರೀರಿ, ಪಾರ್ಟಿಗೂ ಒಂದು ಡಬ್ಬಿ ತಗೊಂಡೋಗಿ. ಹುಳಿಗೆ ಮಾತ್ರ ಕೊರೆಯೋ ಕುಂಬಳ ಬೇಡ, ಬರೀ ನೀರು, ನಾರು. ಚಿಕ್ಕದು, ಅಡುಗೆಗೆ ಅಂತಲೇ ಮಾರ್ತಾರೆ, ಅದನ್ನ ಬೇರೆ ತನ್ನಿ.